ಐದನೇ ಸಾಲಿನ ಮೂವತ್ತೊಂದು

ಮೇಷ್ಟ್ರ ಹೆಂಡತಿ ನಮ್ಮ ಮನೆಯ ಬಾಗಿಲು ತಟ್ಟಿದಾಗ ಚಿಕ್ಕಮ್ಮ ಕಿತ್ತಳೆ ಸುಲಿಯುತ್ತಿದ್ದಳು. ನಾನು ಹತ್ತನೇ ತರಗತಿಯ ಲೆಕ್ಕದ ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು ತಲೆ ಚಚ್ಚಿಕೊಳ್ಳುತ್ತಿದ್ದೆ. ಬಂದವರು ಕುರ್ಚಿಯ ತುದಿಯಲ್ಲಿ ಕೂತು, ನೀರು ಬೇಡ ಎಂದು ಕೈಯಾಡಿಸಿ, ಒಂದೇ ಉಸಿರಿಗೆ ಹೇಳಿದರು.

"ಅಕ್ಕಾ, ನಮ್ಮವರನ್ನ ಕಳ್ಳ ಅಂತಿದಾರೆ. ನಾಳೆ ನಾಲ್ಕು ಗಂಟೆಗೆ ಸಮಿತಿ ಸೇರುತ್ತೆ. ಅಷ್ಟರೊಳಗೆ ಏನಾದ್ರೂ ಆಗದಿದ್ರೆ, ಮೂವತ್ತನಾಲ್ಕು ವರ್ಷ ದುಡಿದಿದ್ದೆಲ್ಲ ನೀರಲ್ಲಿ ಹೋಮ."

ಚಿಕ್ಕಮ್ಮನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಅವಳು ಪರೀಕ್ಷಾ ವಿಭಾಗದಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ಯಾರು ಯಾರ ಉತ್ತರ ನೋಡಿ ಬರೆದರು ಎಂಬುದನ್ನು ಕಂಡುಹಿಡಿಯುವುದೇ ಅವಳ ಜೀವಮಾನದ ಕೆಲಸವಾಗಿತ್ತು. ನಿವೃತ್ತಿಯ ನಂತರ ಕಚೇರಿ ಅವಳನ್ನು ಬಿಟ್ಟಿತು, ಆ ಚಾಳಿ ಬಿಡಲಿಲ್ಲ. ಕಳೆದುಹೋದ ಕಡತ, ಕಾಣೆಯಾದ ಉಯಿಲು, ಅನಾಮಧೇಯ ಕಾಗದ ಏನೇ ಇದ್ದರೂ ಜನ ಅವಳ ಬಳಿಗೆ ಬರುತ್ತಾರೆ. ಅವಳ ಚೀಲ ಹೊತ್ತುಕೊಂಡು ಹಿಂದೆ ಹಿಂದೆ ಓಡಾಡುವವನು ನಾನು. ಶಾಲೆಯಲ್ಲಿ ಸಹೋದ್ಯೋಗಿಗಳು ಇದಕ್ಕೆ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವಳ ತಲೆ ಓಡುವುದನ್ನು ಪಕ್ಕದಲ್ಲಿ ನಿಂತು ನೋಡುವ ಸುಖ ಅವರಿಗೆ ಏನು ಗೊತ್ತು.

ಮೇಷ್ಟ್ರನ್ನು ಗೊತ್ತಿಲ್ಲದವರು ನಮ್ಮ ಕಡೆ ಇಲ್ಲ. ಇಡೀ ಕಾಲೇಜಿಗೆ ಒಂದೂ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅವರು ಕಂಪ್ಯೂಟರ್ ವಿಜ್ಞಾನ ಕಲಿಸಲು ಬಂದರು. ಖಾಲಿ ಬೆಂಕಿಪೊಟ್ಟಣಗಳನ್ನು ಸಾಲಾಗಿ ಜೋಡಿಸಿ, ಒಳಗೆ ಚೀಟಿ ಹಾಕಿ, ಯಂತ್ರದ ನೆನಪು ಹೀಗೆ ಕೆಲಸ ಮಾಡುತ್ತದೆ ಎಂದು ತೋರಿಸುತ್ತಿದ್ದರಂತೆ. ಆಮೇಲೆ ಒಂದೇ ಒಂದು ಯಂತ್ರ ಬಂತು. ಅದರ ಮುಂದೆ ಅರವತ್ತು ಜನ ಸರದಿಯಲ್ಲಿ ಕಾಯುವುದನ್ನು ನೋಡಿ ನೋಡಿ, ಚಿಕ್ಕ ಕೆಲಸಗಳು ಬೇಗ ಮುಗಿಯಬೇಕು, ಆದರೆ ದೊಡ್ಡ ಕೆಲಸದವನು ಕಾದು ಕಾದು ಮುದುಕನಾಗಬಾರದು ಎಂದು ಒಂದು ವಿಧಾನ ಕಂಡುಹಿಡಿದರು. ಮೂವತ್ತು ವರ್ಷಗಳ ಹಿಂದೆ ಅದು ಪ್ರಬಂಧವಾಗಿ ಅಚ್ಚಾಯಿತು. ಎಲ್ಲೆಲ್ಲಿಯೋ ಇರುವ ಯಂತ್ರಗಳು ಇವತ್ತಿಗೂ ಅವರ ಸರದಿ ವಿಧಾನವನ್ನು ಬಳಸುತ್ತವೆ. ಈಗ ನಿವೃತ್ತಿಯ ಹೊತ್ತಿಗೆ ಅವರನ್ನು ಗೌರವ ಪ್ರಾಧ್ಯಾಪಕರನ್ನಾಗಿ ಮಾಡಿ, ಹೊಸ ಪ್ರಯೋಗಾಲಯಕ್ಕೆ ಅವರ ಹೆಸರಿಡುವುದೆಂದು ತೀರ್ಮಾನವಾಗಿತ್ತು.

ಹೀಗಿರುವಾಗ ಸಹಿಯಿಲ್ಲದ ಒಂದು ದೂರು ಬಂದಿತ್ತು. ಅದರ ಜೊತೆಯಲ್ಲಿ ಒಂದು ಹಳೆಯ ಪ್ರಾಜೆಕ್ಟ್ ವರದಿ. ಬರೆದವಳು ಮೇಷ್ಟ್ರ ವಿದ್ಯಾರ್ಥಿನಿ; ಪಾಸಾದ ಎರಡೇ ವರ್ಷಕ್ಕೆ ಕಾಯಿಲೆಯಿಂದ ತೀರಿಕೊಂಡ ಹುಡುಗಿ. ವರದಿಯೊಳಗೆ ಇಡೀ ಸರದಿ ವಿಧಾನವಿತ್ತು. ದಿನಾಂಕ, ಮೇಷ್ಟ್ರ ಪ್ರಬಂಧಕ್ಕಿಂತ ಹನ್ನೊಂದು ತಿಂಗಳು ಹಿಂದಿನದು. ರಟ್ಟಿನ ಮೇಲೆ ಮೇಷ್ಟ್ರದೇ ಸಹಿ.

"ಮೇಷ್ಟ್ರು ಏನಂತಾರೆ?" ಎಂದು ಚಿಕ್ಕಮ್ಮ ಕೇಳಿದಳು.

"ಸಹಿ ನಂದೇ, ವಿಧಾನಾನೂ ನಂದೇ ಅಂದ್ರು. ಸಹಿ ನೋಡಿದ್ಮೇಲೆ ಮುಂದೆ ಓದೋಕೂ ಹೋಗ್ಲಿಲ್ಲ. ಹಾಗಾದ್ರೆ ಆ ಹುಡುಗಿ ಬರೆದಿದ್ದೇನು ಅಂತ ಸಮಿತಿಯವರು ಕೇಳಿದ್ರೆ, ನೆನಪಿಲ್ಲ ಅಂದ್ಬಿಟ್ರು. ಸುಳ್ಳು ಹೇಳೋಕೆ ಬರಲ್ಲ ನೋಡಿ ಅವರಿಗೆ. ನಿನ್ನೆಯಿಂದ ಅನ್ನ ನೀರು ಬಿಟ್ಟು, ಆ ಹುಡುಗಿ ಏನು ಬರೆದಿದ್ದಳು ಅಂತ ನೆನಪು ಮಾಡ್ಕೊಳ್ತಾ ಕೂತಿದಾರೆ."

ಆಕೆಯ ಕಣ್ಣು ತುಂಬಿಬಂತು. ಚಿಕ್ಕಮ್ಮ ಕಿತ್ತಳೆಯ ಅರ್ಧ ಭಾಗವನ್ನು ಆಕೆಯ ಕೈಗಿಟ್ಟು, ಮೇಷ್ಟ್ರು ಪಾಠ ಮಾಡುವ ರೀತಿಯ ಬಗ್ಗೆ ಕೇಳಿದಳು. ಆಕೆ ಮೂಗೊರೆಸಿಕೊಂಡು ನಿಧಾನವಾಗಿ ಹೇಳತೊಡಗಿದರು. ಪ್ರತಿ ವರ್ಷ ಪಾಠದ ಟಿಪ್ಪಣಿಯನ್ನು ಹೊಸದಾಗಿ ಬರೆದು ಸೈಕ್ಲೋಸ್ಟೈಲ್ ಮಾಡಿಸಿ ಹಂಚುತ್ತಿದ್ದರು. ಅದರಲ್ಲಿ ಬೇಕೆಂದೇ ಒಂದು ತಪ್ಪು ಇಡುತ್ತಿದ್ದರು; ಒಂದು ವರ್ಷ ಇಟ್ಟ ತಪ್ಪನ್ನೇ ಇನ್ನೊಂದು ವರ್ಷ ಇಡುತ್ತಿರಲಿಲ್ಲ. ಹುಡುಕಿದವರಿಗೆ ಒಂದು ಪೆನ್ಸಿಲ್ ಬಹುಮಾನ. ಯಾರಿಗೂ ಸಿಗದಿದ್ದರೆ ಕೊನೆಯ ತರಗತಿಯಲ್ಲಿ ತಾವೇ ಹೇಳಿ ತಿದ್ದಿಸುತ್ತಿದ್ದರು. ಪುಸ್ತಕದಲ್ಲಿರುವುದೆಲ್ಲ ಸರಿ ಎಂದು ನಂಬುವವನು ಈ ವಿದ್ಯೆಗೆ ಬರಬಾರದು ಎನ್ನುವುದು ಅವರ ಹಟ.

"ಒಂದು ದಿನ ತರಗತಿ ತಪ್ಪಿಸಿದವರಲ್ಲ ಅಕ್ಕಾ. ನಮ್ಮ ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ಕಾಮಾಲೆಯಾಗಿ, ಕೊನೇ ಮೂರು ವಾರ ಮಲಗಿಬಿಟ್ರು. ಅಷ್ಟೇ. ಈಗ ಅವಳಿಗೆ ಮೂವತ್ತು."

ಚಿಕ್ಕಮ್ಮ ಸೀರೆ ಬದಲಿಸಲು ಎದ್ದಳು. ನಾನು ಉತ್ತರಪತ್ರಿಕೆಗಳನ್ನು ಕಟ್ಟಿಟ್ಟೆ.

ಸಮಿತಿಯ ಅಧ್ಯಕ್ಷರಾದ ಡೀನ್ ಹಿಂದೊಮ್ಮೆ ಚಿಕ್ಕಮ್ಮನಿಂದಾಗಿ ಒಂದು ದೊಡ್ಡ ಮುಜುಗರದಿಂದ ಪಾರಾದವರು. ಹಾಗಾಗಿ ತಮ್ಮ ಕೋಣೆಯಲ್ಲಿ, ತಮ್ಮ ಕಣ್ಣೆದುರೇ, ವರದಿಯನ್ನು ನೋಡಲು ಒಪ್ಪಿದರು. ತಜ್ಞರು ಆಗಲೇ ಅದನ್ನು ನೋಡಿದ್ದಾರೆ ಎಂದು ಡೀನ್ ಹೇಳಿದರು. ಕಾಗದ ಹಳೆಯದು. ವಿಭಾಗದ ಹಳೆಯ ಟೈಪ್‌ರೈಟರಿನಲ್ಲೇ ಬಡಿದದ್ದು. ಅದರ ಒಂದೆರಡು ಅಕ್ಷರಗಳು ಸಾಲಿನಿಂದ ಮೇಲೆ ಎದ್ದು ಬೀಳುತ್ತವೆ, ವರದಿಯಲ್ಲೂ ಹಾಗೇ ಇವೆ. ಸಹಿಯಂತೂ ಮೇಷ್ಟ್ರು ಒಪ್ಪಿಕೊಂಡದ್ದು. ಇನ್ನೇನು ಉಳಿಯಿತು ಎಂದು ಅವರು ಕೈಚೆಲ್ಲಿದರು.

ಚಿಕ್ಕಮ್ಮ ಅಕ್ಷರಗಳನ್ನು ನೋಡಲೇ ಇಲ್ಲ. ರಟ್ಟಿನ ಹೊದಿಕೆಯನ್ನು ತಿರುವಿಹಾಕಿದಳು. ಅದರ ಮೇಲೆ ಹುಡುಗಿಯ ಹೆಸರು, ಕ್ರಮಸಂಖ್ಯೆ, ದಿನಾಂಕ, ಮೇಷ್ಟ್ರ ಸಹಿ ಇಷ್ಟೇ ಇದ್ದವು. ವಿಷಯದ ಹೆಸರು ಒಳಗಿನ ಮೊದಲ ಪುಟದಲ್ಲಿತ್ತು. ಇಡೀ ಕಟ್ಟನ್ನು ಎರಡು ತೂತುಗಳ ಮೂಲಕ ಫೈಲಿನ ದಾರ ಪೋಣಿಸಿ ಕಟ್ಟಲಾಗಿತ್ತು. ಅವಳು ದಾರ ಸಡಿಲಿಸಿ ರಟ್ಟಿನ ತೂತನ್ನು ನನಗೆ ತೋರಿಸಿದಳು. ಎಳೆದೆಳೆದು ಅಂಚು ಹರಿದು ಅಗಲವಾಗಿತ್ತು. ಒಳಗಿನ ಹಾಳೆಗಳ ತೂತುಗಳು ದುಂಡಗೆ, ಅಚ್ಚುಕಟ್ಟಾಗಿದ್ದವು. ಆಮೇಲೆ ಒಂದು ಪುಟವನ್ನು ನನ್ನ ಮುಂದೆ ತಳ್ಳಿ, "ಲೆಕ್ಕದ ಮೇಷ್ಟ್ರೇ, ಇದನ್ನ ಕೂಡಿ ನೋಡು" ಎಂದಳು.

ಅದು ವಿಧಾನವನ್ನು ವಿವರಿಸುವ ಉದಾಹರಣೆಯ ಕೋಷ್ಟಕ. ಏಳು ಕೆಲಸಗಳು, ಪ್ರತಿಯೊಂದಕ್ಕೂ ಎಷ್ಟು ನಿಮಿಷ ಬೇಕು, ಮೊದಲಿನಿಂದ ಎಷ್ಟನೇ ನಿಮಿಷಕ್ಕೆ ಮುಗಿಯುತ್ತದೆ ಎಂಬ ಎರಡು ಅಂಕಣಗಳು. ಅಚ್ಚಾದ ಪ್ರಬಂಧದಲ್ಲಿ ಇರುವುದು ಬೇರೆಯೇ ಉದಾಹರಣೆ ಎಂದು ಡೀನ್ ಹೇಳಿದರು. ನಾನು ಬೆರಳಿಟ್ಟು ಕೂಡುತ್ತಾ ಹೋದೆ. ಮೂರು, ಏಳು, ಹನ್ನೆರಡು, ಇಪ್ಪತ್ತು. ಐದನೇ ಸಾಲಿನ ಕೆಲಸಕ್ಕೆ ಒಂಬತ್ತು ನಿಮಿಷ, ಇಪ್ಪತ್ತೊಂಬತ್ತು ಆಗಬೇಕು. ವರದಿಯಲ್ಲಿ ಮೂವತ್ತೊಂದು ಎಂದಿತ್ತು. ಆರನೆಯದಕ್ಕೆ ಹನ್ನೊಂದು ನಿಮಿಷ, ನಲವತ್ತಕ್ಕೆ ಮುಗಿಯುತ್ತದೆ. ನಲವತ್ತು ಎಂದೇ ಇತ್ತು. ಏಳನೆಯದಕ್ಕೆ ಹದಿನಾಲ್ಕು, ಒಟ್ಟು ಐವತ್ತನಾಲ್ಕು. ಅದೂ ಸರಿ.

"ಐದನೇ ಸಾಲು ಒಂದೇ ತಪ್ಪು" ಎಂದೆ. ನನ್ನ ವಿದ್ಯಾರ್ಥಿಗಳ ಪತ್ರಿಕೆಯಾಗಿದ್ದರೆ ಅರ್ಧ ಅಂಕ ಕಳೆದು ಮುಂದೆ ಹೋಗುತ್ತಿದ್ದೆ.

ಚಿಕ್ಕಮ್ಮನ ಮುಖದಲ್ಲಿ, ಬೇಸಿಗೆಯಲ್ಲಿ ಫ್ಯಾನ್ ತಿರುಗಿದಾಗ ಕಾಣುವಂಥ ನೆಮ್ಮದಿ ಕಂಡಿತು. ವರದಿಯನ್ನು ಮತ್ತೆ ಕಟ್ಟಿ ಡೀನ್ ಕೈಗಿಟ್ಟಳು.

ಹಳೆಯ ವರದಿಗಳು, ಖಾಲಿ ಕಾಗದದ ಹಳೆಯ ದಾಸ್ತಾನು, ಟೈಪ್‌ರೈಟರ್ ಎಲ್ಲವೂ ವಿಭಾಗದ ಉಗ್ರಾಣದಲ್ಲಿದ್ದವು. ಅದರ ಕೀಲಿ ಮೂವರ ಬಳಿ ಇತ್ತು. ಮೂವರನ್ನೂ ಅವತ್ತೇ ಕಂಡೆವು.

ಮೊದಲನೆಯವನು ಉಗ್ರಾಣದ ಗುಮಾಸ್ತ. ಒಂದು ರಿಬ್ಬನ್ ಕಾಣೆಯಾಗಿದ್ದಕ್ಕೆ ಮೇಷ್ಟ್ರು ಇಡೀ ದಾಸ್ತಾನು ಪಟ್ಟಿಯನ್ನು ಎರಡು ಸಲ ಬರೆಸಿದ್ದರೆಂಬ ಸಿಟ್ಟು ಅವನಿಗೆ ಇನ್ನೂ ಆರಿರಲಿಲ್ಲ. ಟೈಪಿಂಗ್‌ನಲ್ಲಿ ಎತ್ತಿದ ಕೈ. ಆದರೆ ಸರದಿ ವಿಧಾನ ಎಂದರೇನು ಎಂದು ಕೇಳಿದ್ದಕ್ಕೆ, ಊಟದ ಹೊತ್ತಿನಲ್ಲಿ ಕ್ಯಾಂಟೀನಿನ ಮುಂದೆ ನಿಲ್ಲುವುದೋ ಎಂದ.

ಎರಡನೆಯವರು ಸಹಪ್ರಾಧ್ಯಾಪಕಿ. ಇವರಿಗೂ ಮೇಷ್ಟ್ರಿಗೂ ಎಣ್ಣೆ ಸೀಗೆಕಾಯಿ ಎಂದು ಇಡೀ ಕಾಲೇಜು ಹೇಳುತ್ತಿತ್ತು. ಒಂದು ಸಭೆಯಲ್ಲೂ ಅವರ ಮಾತಿಗೆ ಹೂಂ ಎಂದವರಲ್ಲ. ನನಗೆ ಆಗಲೇ ಇವರ ಮೇಲೆ ಗುಮಾನಿ ಗಟ್ಟಿಯಾಗಿತ್ತು. ಚಿಕ್ಕಮ್ಮ ನೇರವಾಗಿ ಕೇಳಿದಳು. ಅವರೂ ಅಷ್ಟೇ ನೇರವಾಗಿ ಉತ್ತರಿಸಿದರು. "ಅವರ ವಿಧಾನದ ಮೇಲೆ ನನಗೆ ತಕರಾರಿದೆ. ಅವರ ಮೇಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಅವರ ತರಗತೀಲಿ ತಪ್ಪು ಹಿಡಿದು ಪೆನ್ಸಿಲ್ ತಗೊಂಡವಳು ನಾನು. ಅವತ್ತಿಂದ ಹಿಡೀತಾನೇ ಇದೀನಿ, ಅಷ್ಟೇ."

ಮೂರನೆಯವರು ವಿಭಾಗದ ಮುಖ್ಯಸ್ಥರು. ದೂರಿನ ಲಕೋಟೆ ಮೊದಲು ಬಂದದ್ದು ಅವರ ಮೇಜಿಗೆ. ನಲವತ್ತಾರರ ಸೌಮ್ಯ ಮನುಷ್ಯ. ಅದನ್ನು ಸಮಿತಿಗೆ ಕೊಡದೆ ವಿಧಿಯಿರಲಿಲ್ಲ ಎಂದರು. ಸತ್ತ ಹುಡುಗಿಯ ಅಣ್ಣನಿಗೂ ತಿಳಿಸಬೇಕಾದ್ದು ಧರ್ಮ ಎಂದು ತಾವೇ ಹೋಗಿ ಹೇಳಿ ಬಂದಿದ್ದರು. "ಇಪ್ಪತ್ನಾಲ್ಕು ವರ್ಷದ ಹಿಂದೆ ಇದೇ ಕಟ್ಟಡದಲ್ಲಿ ಬೆಂಚಿನ ಮೇಲೆ ಕೂತು ಅವರ ಪಾಠ ಕೇಳಿದವನು ನಾನು. ನನಗೆ ಇದು ತಂದೆ ಮೇಲೆ ದೂರು ಕೊಟ್ಟ ಹಾಗೆ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ನಿಜ ಹೇಳುತ್ತೇನೆ, ನನಗೆ ಅವರನ್ನು ನೋಡಿ ಅಯ್ಯೋ ಅನ್ನಿಸಿತು.

ಮಾರನೆಯ ದಿನ ಬೆಳಗ್ಗೆ ಚಿಕ್ಕಮ್ಮ ತನ್ನ ಹಳೆಯ ಕಚೇರಿಯಿಂದ ವಿದ್ಯಾರ್ಥಿಗಳ ಪಟ್ಟಿ ತರಿಸಿ, ಹನ್ನೆರಡು ಫೋನ್ ಮಾಡಿದಳು. ಮೂರು ಕಡೆ ಫಲ ಸಿಕ್ಕಿತು. ಬಸ್ಸು ಹತ್ತಿ ಇಳಿದು, ಒಂದು ವಿಮಾ ಕಚೇರಿ, ಒಂದು ಬ್ಯಾಂಕು, ಮೂರನೇ ಮಹಡಿಯಲ್ಲಿರುವ ಒಂದು ಮನೆ ಸುತ್ತಿ, ಮೇಷ್ಟ್ರ ಮೂರು ಬೇರೆ ಬೇರೆ ವರ್ಷಗಳ ಟಿಪ್ಪಣಿಗಳನ್ನು ತಂದೆವು. ಓದು ಮುಗಿಸಿ ಇಷ್ಟು ವರ್ಷವಾದರೂ ಜನ ಆ ಹಾಳೆಗಳನ್ನು ಎಸೆದಿರಲಿಲ್ಲ. ಒಬ್ಬಾಕೆ ಅವನ್ನು ಮದುವೆಯ ಫೋಟೋಗಳ ಜೊತೆಯಲ್ಲಿ ಇಟ್ಟಿದ್ದಳು. ಒಬ್ಬ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಪದವಿ ಯಾವುದಿದೆ ಎಂದು ನನ್ನ ಹೊಟ್ಟೆ ಸ್ವಲ್ಪ ಉರಿಯಿತು. ಮೂರರಲ್ಲೂ ಅದೇ ಏಳು ಕೆಲಸಗಳ ಕೋಷ್ಟಕವಿತ್ತು. ಕೂಡಿ ನೋಡಿದೆ. ಮೂರರಲ್ಲೂ ಒಂದೊಂದು ತಪ್ಪು, ಒಂದೊಂದು ಕಡೆ.

ನಾಲ್ಕು ಗಂಟೆಗೆ ಸೆಮಿನಾರ್ ಕೋಣೆ ತುಂಬಿತು. ಸಮಿತಿಯ ಮೂವರು, ಕೀಲಿ ಇದ್ದ ಮೂವರು, ಮೇಷ್ಟ್ರು ಮತ್ತು ಅವರ ಹೆಂಡತಿ. ಮೇಷ್ಟ್ರು ಎರಡೇ ದಿನದಲ್ಲಿ ಕುಗ್ಗಿಹೋಗಿದ್ದರು. ಅಂಗಿಯ ಗುಂಡಿ ಮೇಲುಕೆಳಗಾಗಿತ್ತು. ಕೊನೆಯ ಬೆಂಚಿನಲ್ಲಿ ಸತ್ತ ಹುಡುಗಿಯ ಅಣ್ಣ ಕೂತಿದ್ದರು. ದರ್ಜಿ, ಅಂಗಡಿಯಿಂದ ಹಾಗೇ ಎದ್ದು ಬಂದವರು. ಅಳತೆಯ ಪಟ್ಟಿ ಇನ್ನೂ ಕೊರಳಲ್ಲಿತ್ತು. ಮೇಷ್ಟ್ರ ಕಡೆ ನೋಡಬಾರದೆಂದು ಹಟ ತೊಟ್ಟವರಂತೆ ಕಿಟಕಿಯ ಕಡೆ ಮುಖ ಮಾಡಿದ್ದರು.

ಚಿಕ್ಕಮ್ಮ ಎದ್ದು ನಿಂತಳು. "ಮೂವತ್ತು ವರ್ಷ ಉತ್ತರಪತ್ರಿಕೆ ನೋಡಿದವಳು ನಾನು. ಇಬ್ಬರು ಸರಿ ಉತ್ತರ ಬರೆದ್ರೆ ಅದರಿಂದ ಏನೂ ಗೊತ್ತಾಗಲ್ಲ. ಸರಿ ಉತ್ತರ ಎಲ್ಲರಿಗೂ ಒಂದೇ. ಇಬ್ಬರ ತಪ್ಪು ಒಂದೇ ಆಗಿದ್ರೆ ಮಾತ್ರ ನಾನು ಕುರ್ಚಿ ಎಳ್ಕೊಂಡು ಕೂರ್ತಿದ್ದೆ."

ಮೊದಲು ತೂತುಗಳನ್ನು ತೋರಿಸಿದಳು. ರಟ್ಟು ಮೂವತ್ತೊಂದು ವರ್ಷ ದಾರದಿಂದ ಎಳೆಸಿಕೊಂಡಿದೆ, ಹಾಳೆಗಳು ಮೊನ್ನೆ ಮೊನ್ನೆ ಪೋಣಿಸಿದವು. ರಟ್ಟು ನಿಜ, ಸಹಿ ನಿಜ, ದಿನಾಂಕ ನಿಜ. ಒಳಗಿನ ಪುಟಗಳನ್ನು ತೆಗೆದು ಬೇರೆ ಪುಟ ಸೇರಿಸಲಾಗಿದೆ. ಅದಕ್ಕೆ ಬೇಕಾದ ಹಳೆಯ ಕಾಗದ, ಹಳೆಯ ಯಂತ್ರ ಎರಡೂ ಉಗ್ರಾಣದಲ್ಲೇ ಸಿಗುತ್ತವೆ.

ಸಮಿತಿಯ ಹಿರಿಯರೊಬ್ಬರು, ತೂತನ್ನು ನಂಬಿ ತೀರ್ಪು ಕೊಡಲಾಗುವುದಿಲ್ಲ ಎಂದರು. ಅದು ಸರಿ ಎಂದು ಚಿಕ್ಕಮ್ಮ ಒಪ್ಪಿ, ನನ್ನನ್ನು ಕಪ್ಪು ಹಲಗೆಗೆ ಕಳಿಸಿದಳು. ಏಳು ಸಾಲುಗಳನ್ನೂ ವರದಿಯಲ್ಲಿದ್ದಂತೆ ಬರೆದೆ. ಐದನೇ ಸಾಲಿನ ಮೂವತ್ತೊಂದು ಬರೆಯುತ್ತಿದ್ದಂತೆ ಮೇಷ್ಟ್ರು ತಲೆಯೆತ್ತಿದರು. ಅವತ್ತು ಮೊದಲ ಸಲ ಅವರ ಕಣ್ಣಲ್ಲಿ ಜೀವ ಕಂಡಿತು.

"ಆ ಹುಡುಗಿಯೇ ಕೂಡುವಾಗ ತಪ್ಪಿದ್ದಾಳೆ ಅನ್ಕೊಳ್ಳಿ" ಎಂದಳು ಚಿಕ್ಕಮ್ಮ. "ಮೂವತ್ತೊಂದಕ್ಕೆ ಹನ್ನೊಂದು ಸೇರಿಸಿ, ಆರನೇ ಸಾಲಲ್ಲಿ ನಲವತ್ತೆರಡು ಬರೀಬೇಕಿತ್ತು. ನಲವತ್ತು ಅಂತಿದೆ. ಕೈತಪ್ಪಿ ಆದ ತಪ್ಪು ಕೆಳಗಿನ ಸಾಲುಗಳನ್ನೂ ಕೆಡಿಸ್ಕೊಂಡು ಹೋಗುತ್ತೆ. ಇದು ಒಂಟಿಯಾಗಿ ನಿಂತಿದೆ. ಅಂದ್ರೆ ಎಲ್ಲಾ ಸರಿಯಾಗಿ ಮಾಡಿ, ಆಮೇಲೆ ಬೇಕು ಅಂತ ಒಂದು ಸಂಖ್ಯೆ ಬದಲಾಯಿಸಿದ್ದು. ಹಾಗೆ ಮಾಡೋ ಅಭ್ಯಾಸ ಇದ್ದಿದ್ದು ಇಲ್ಲಿ ಒಬ್ಬರಿಗೇ."

ನಾವು ತಂದ ಟಿಪ್ಪಣಿಗಳು ಮೇಜಿಗೆ ಬಂದವು. ಸಹಪ್ರಾಧ್ಯಾಪಕಿ ತಮ್ಮದನ್ನೂ ಸೇರಿಸಿದರು. ಒಂದು ವರ್ಷ ಎರಡನೇ ಸಾಲು, ಒಂದು ವರ್ಷ ಏಳನೆಯದು, ಸಹಪ್ರಾಧ್ಯಾಪಕಿಯ ವರ್ಷ ಮೂರನೆಯದು. ಐದನೇ ಸಾಲಿನಲ್ಲಿ ಮೂವತ್ತೊಂದು ಇದ್ದದ್ದು ಒಂದೇ ಕಟ್ಟಿನಲ್ಲಿ, ವಿಮಾ ಕಚೇರಿಯ ಹೆಂಗಸು ಕೊಟ್ಟದ್ದರಲ್ಲಿ. ಅವಳು ಓದಿದ್ದು ಇಪ್ಪತ್ನಾಲ್ಕು ವರ್ಷಗಳ ಹಿಂದೆ. ಹುಡುಗಿಯ ವರದಿಗಿಂತ ಏಳು ವರ್ಷ ಈಚೆಗೆ.

"ಬೇರೆ ವರ್ಷದವರೆಲ್ಲ ಕೊನೇ ತರಗತಿಯಲ್ಲಿ ತಪ್ಪನ್ನ ಹೊಡೆದುಹಾಕಿ ಸರಿ ಮಾಡ್ಕೊಂಡಿದಾರೆ, ನೋಡಿ, ಕೆಂಪು ಗೆರೆ ಇದೆ. ಈ ಕಟ್ಟಲ್ಲಿ ಇಲ್ಲ. ಯಾಕಂದ್ರೆ, ಕೊಟ್ಟವಳೇ ಹೇಳಿದ ಹಾಗೆ, ಆ ವರ್ಷ ಯಾರಿಗೂ ತಪ್ಪು ಸಿಗ್ಲಿಲ್ಲ, ಹೇಳಬೇಕಾದವರು ಕಾಮಾಲೆ ಆಗಿ ಮಲಗಿದ್ರು. ಆ ತರಗತಿಯ ಅರವತ್ತು ಜನ ಮಾತ್ರ ಆ ಮೂವತ್ತೊಂದನ್ನ ಸರಿ ಅಂತಲೇ ಮನೆಗೆ ಒಯ್ದರು. ಅವರಲ್ಲಿ ಉಗ್ರಾಣದ ಕೀಲಿ ಇರೋರು ಒಬ್ಬರೇ."

ಯಾರೂ ಮುಖ್ಯಸ್ಥರ ಹೆಸರೆತ್ತಲಿಲ್ಲ. ಎತ್ತುವ ಅಗತ್ಯ ಇರಲಿಲ್ಲ. ಅವರು ಕಪ್ಪು ಹಲಗೆಯನ್ನೇ ನೋಡುತ್ತಾ, ತುಟಿಯಲ್ಲೇ ಲೆಕ್ಕ ಕೂಡುತ್ತಿದ್ದರು. ಇಪ್ಪತ್ತು, ಒಂಬತ್ತು. ಎರಡು ಸಲ ಕೂಡಿದರು.

"ಪ್ರಬಂಧದಲ್ಲಿರೋ ಉದಾಹರಣೆ ಹಾಕಿದ್ರೆ ಅನುಮಾನ ಬರುತ್ತೆ ಅಂತ ನನ್ನ ಹಳೇ ಟಿಪ್ಪಣೀದು ಹಾಕಿದೆ" ಎಂದರು ಕೊನೆಗೆ. ದನಿ ಬಾವಿಯೊಳಗಿಂದ ಬಂದಂತಿತ್ತು. "ಸರ್ ಕೊಟ್ಟ ಕೋಷ್ಟಕ ಅಂತ ಕೂಡಿ ನೋಡ್ಲೇ ಇಲ್ಲ."

ಕಾರಣ ಕೇಳಿದ ಡೀನ್‌ಗೆ ಅವರು ಚೂರುಚೂರಾಗಿ ಉತ್ತರ ಹೇಳಿದರು. ಎಲ್ಲಿ ಹೋದರೂ ಇವರ ಶಿಷ್ಯ ಎಂದೇ ಪರಿಚಯ. ಸ್ವಂತ ಪುಸ್ತಕ ಬರೆದರೆ, ಗುರುವಿನ ವಿಧಾನವನ್ನು ಚೆನ್ನಾಗಿ ವಿವರಿಸಿದ್ದಾನೆ ಎಂಬ ಮೆಚ್ಚುಗೆ. ಈಗ ಮೇಷ್ಟ್ರು ನಿವೃತ್ತರಾದರೂ ಹೋಗುವುದಿಲ್ಲ. ದಿನಾ ಮೆಟ್ಟಿಲು ಹತ್ತಿದರೆ ಪ್ರಯೋಗಾಲಯದ ಬಾಗಿಲ ಮೇಲೆ ಅದೇ ಹೆಸರು. ಸತ್ತವರು ಬಂದು ಅಲ್ಲಗಳೆಯುವುದಿಲ್ಲವಲ್ಲ ಎಂದು ಆ ಹುಡುಗಿಯ ರಟ್ಟನ್ನು ಆರಿಸಿಕೊಂಡಿದ್ದರು. ಕೇಳುತ್ತಾ ನನಗೆ ಮೈಯೆಲ್ಲ ಉರಿಯಿತು. ಹಿಂದಿನ ದಿನ ಈ ಮನುಷ್ಯನಿಗಾಗಿ ಅಯ್ಯೋ ಅಂದುಕೊಂಡಿದ್ದೆನಲ್ಲ ಎಂದು ಇನ್ನೂ ಉರಿಯಿತು.

ಮೇಷ್ಟ್ರು ಎದ್ದರು. ಎರಡು ದಿನ ತಮ್ಮನ್ನು ಕಳ್ಳನನ್ನಾಗಿ ಮಾಡಿದವನ ಎದುರು ನಿಂತರು. ಈಗ ಬಯ್ಯುತ್ತಾರೆ, ಬಯ್ಯಲಿ ಎಂದು ನಾವೆಲ್ಲ ಕಾದೆವು.

"ಆ ಹುಡುಗಿಯ ಪುಟಗಳೆಲ್ಲಿ?" ಎಂದರು.

ಮುಖ್ಯಸ್ಥರಿಗೆ ಅರ್ಥವಾಗಲಿಲ್ಲ.

"ರಟ್ಟಿನೊಳಗಿಂದ ತೆಗೆದ್ಯಲ್ಲ, ಅವಳು ಬರೆದದ್ದು. ಅದೆಲ್ಲಿ? ಹರಿದುಹಾಕ್ಲಿಲ್ಲ ತಾನೆ?"

ಹರಿದಿರಲಿಲ್ಲ. ಕೈ ಬರಲಿಲ್ಲವಂತೆ, ಮೇಜಿನ ಡ್ರಾಯರಿನಲ್ಲಿದೆ ಎಂದರು. ಗುಮಾಸ್ತ ಓಡಿಹೋಗಿ ತಂದ. ಹಳದಿಯಾದ ನಲವತ್ತು ಹಾಳೆ, ತೂತುಗಳೆಲ್ಲ ಹರಿದು ಅಗಲವಾದವು. ಮೇಷ್ಟ್ರು ಅಲ್ಲೇ ನಿಂತು ಮೊದಲ ಪುಟ ಓದಿದರು, ಎರಡನೆಯದು ಓದಿದರು. ಸಮಿತಿಯವರು ತೀರ್ಮಾನ ಬರೆಯಲು ಪೆನ್ನು ಹಿಡಿದು ಕಾಯುತ್ತಿದ್ದರು. ಅವರ ಕಡೆ ತಿರುಗಿಯೂ ನೋಡದೆ ನೇರವಾಗಿ ಕೊನೆಯ ಬೆಂಚಿಗೆ ಹೋಗಿ ದರ್ಜಿಯ ಪಕ್ಕ ಕೂತರು.

"ನಾನು ಮರೆತಿದ್ದೆ" ಎಂದರು. "ಮರೀಬಾರದಿತ್ತು. ದೊಡ್ಡ ತಪ್ಪು ನಂದು. ನೋಡಿ, ಬಟ್ಟೆ ಮೇಲೆ ಅಂಗಿಯ ಭಾಗಗಳನ್ನ ಯಾವ ಕ್ರಮದಲ್ಲಿ ಹರಡಿದ್ರೆ ತುಂಡು ಕಡಿಮೆ ವೇಸ್ಟ್ ಆಗುತ್ತೆ ಅಂತ ಲೆಕ್ಕ ಹಾಕಿದಾಳೆ. ತೋಳನ್ನ ತಲೆಕೆಳಗೆ ತಿರುಗಿಸಿ ಬೆನ್ನಿನ ಪಕ್ಕ ಸೇರಿಸೋದು. ಇದು ಅವಳದೇ, ಪೂರ್ತಿ ಅವಳದೇ. ಆಗ ನಮ್ಮಲ್ಲಿ ಇನ್ನೂ ಯಾರೂ ಹೀಗೆ ಯೋಚಿಸಿರಲಿಲ್ಲ."

ದರ್ಜಿ ಹಾಳೆಯ ಮೇಲೆ ಬಗ್ಗಿದರು. ಅಂಕಣಗಳಲ್ಲಿ ಕೊರಳು, ಎದೆ, ತೋಳಿನ ಅಳತೆಗಳಿದ್ದವು. ಅವರ ಬೆರಳು ಒಂದೊಂದೇ ಸಾಲಿನ ಮೇಲೆ ಹರಿಯಿತು. ಇವು ನಮ್ಮ ಅಂಗಡಿಯ ಗಿರಾಕಿಗಳ ಅಳತೆ ಎಂದು ಅವರು ಮೆಲ್ಲಗೆ ಹೇಳಿದರು. ಆಮೇಲೆ ಒಂದು ಚಿತ್ರದ ಬಳಿ ಬೆರಳು ನಿಂತಿತು. ಬೆನ್ನಿನ ಪಕ್ಕದಲ್ಲಿ ತಲೆಕೆಳಗಾಗಿ ಮಲಗಿದ ತೋಳು.

"ಮೂವತ್ತು ವರ್ಷದಿಂದ ನಾನು ಹೀಗೇ ಕತ್ತರಿಸ್ತಾ ಇದೀನಿ" ಎಂದರು. "ನಾನೇ ಕಂಡುಹಿಡಿದದ್ದು ಅಂತ ಎಲ್ಲರ ಹತ್ರ ಹೇಳ್ಕೊಂಡು ಬಂದಿದೀನಿ. ಅವಳು ಒಂದಿನ ಅಂಗಡೀಲಿ ಕೂತು, ಅಣ್ಣಾ ಹೀಗಿಟ್ಟು ನೋಡು ಅಂದಿದ್ಲು."

ಅವರು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಮೇಷ್ಟ್ರು ಅವರ ಬೆನ್ನ ಮೇಲೆ ಕೈಯಿಟ್ಟು, ಮಿಕ್ಕ ಪುಟಗಳನ್ನು ಒಂದೊಂದಾಗಿ ಓದಿ ಹೇಳತೊಡಗಿದರು.